ಗಡಿಯನ್ನರಿಯದ ಹೊಳೆ

ಉತ್ತರ ಫಿನ್ಲೆಂಡಿನ ಅರಣ್ಯದಲ್ಲಿ ಹರಿಯುವ ಕಿತ್ಕಾ ನದಿಯ ವೃತ್ತಾಂತ

ಭೂಪಟದಲ್ಲಿ ಹುಡುಕಿದರೆ ಸುಲಭವಾಗಿ ಕಣ್ಣಿಗೆ ಬೀಳುವ ನದಿಯಲ್ಲ ಅದು. ಶಾಲೆಯ ಮಕ್ಕಳು ಬಿಡಿಸುವ ಯೂರೋಪಿನ ನಕ್ಷೆಯಲ್ಲಿ ವೋಲ್ಗಾ, ಡ್ಯಾನ್ಯೂಬ್, ರೈನ್ ನದಿಗಳಿಗೆ ಸ್ಥಾನವುಂಟು. ಕಿತ್ಕಾ ನದಿಗೆ ಇಲ್ಲ. ಹುಟ್ಟಿದ ಸರೋವರದಿಂದ ಹೊರಟು ಮತ್ತೊಂದು ನದಿಯನ್ನು ಸೇರುವವರೆಗೆ ಅದರ ಒಟ್ಟು ಉದ್ದ ಸುಮಾರು ೩೫ ಕಿಲೋಮೀಟರು ಮಾತ್ರ. ಗಟ್ಟಿಗನಾದ ನಡಿಗೆಯಾಳು ಎರಡು ಹಗಲುಗಳಲ್ಲಿ ಅದರ ತಲೆಯಿಂದ ಬಾಲದವರೆಗೆ ನಡೆದು ಮುಗಿಸಬಹುದು. ಅದರ ದಂಡೆಯ ಮೇಲೆ ಪಟ್ಟಣವಿಲ್ಲ, ಬಂದರಿಲ್ಲ, ಕೋಟೆಯಿಲ್ಲ. ಪೈನ್ ಮತ್ತು ಸ್ಪ್ರೂಸ್ ಮರಗಳ ಕಾಡು, ಕಪ್ಪುನೀಲಿ ನೀರು, ಬಂಡೆಗಳಿಗೆ ಅಪ್ಪಳಿಸುವ ನೊರೆ — ಇಷ್ಟೇ ಅದರ ಐಶ್ವರ್ಯ.

ಆದರೂ ಈ ಕಿರುಹೊಳೆಯ ಹರಿವಿನಲ್ಲಿ ಒಂದು ದೇಶದ ಭೂಗೋಳವೂ ಚರಿತ್ರೆಯೂ ಹೆಣೆದುಕೊಂಡಿವೆ. ಅದಕ್ಕೆ ಅಡ್ಡಲಾಗಿ ಮೂರು ಗೆರೆಗಳ ಮಾತು ಬಂದಿತು. ಒಂದನ್ನು ಎಳೆದದ್ದು ಪ್ರಕೃತಿ. ಇನ್ನೊಂದನ್ನು ಎಳೆದದ್ದು ಯುದ್ಧ. ಮೂರನೆಯದನ್ನು ಎಳೆಯಬೇಕೆಂದು ಯಂತ್ರಯುಗ ಹವಣಿಸಿತು. ಆ ಮೂರು ಗೆರೆಗಳ ಕಥೆಯೇ ಕಿತ್ಕಾ ನದಿಯ ಕಥೆ.

ಎರಡು ಕಡಲುಗಳ ನಡುವಣ ಹೊಸ್ತಿಲು

ಫಿನ್ಲೆಂಡ್ ದೇಶದ ಈಶಾನ್ಯ ಮೂಲೆಯಲ್ಲಿ, ರಷ್ಯದ ಗಡಿಗೆ ಆತುಕೊಂಡಂತೆ, ಕೂಸಾಮೋ ಎಂಬ ಪ್ರಾಂತವಿದೆ. ಉತ್ತರ ಅಕ್ಷಾಂಶ ೬೬ ಡಿಗ್ರಿಯ ಆಸುಪಾಸಿನಲ್ಲಿರುವ ಈ ನೆಲದಿಂದ ಸ್ವಲ್ಪವೇ ಉತ್ತರಕ್ಕೆ ನಡೆದರೆ ಧ್ರುವವೃತ್ತ ಎದುರಾಗುತ್ತದೆ. ಡಿಸೆಂಬರ್ ತಿಂಗಳಿನ ನಡುಭಾಗದಲ್ಲಿ ಇಲ್ಲಿಯ ಹಗಲು ಸುಮಾರು ಮೂರು ಗಂಟೆಗಳಷ್ಟು; ಜೂನ್ ತಿಂಗಳಿನ ನಡುಭಾಗದಲ್ಲಿ ಸೂರ್ಯನು ಮುಳುಗಿದನೋ ಇಲ್ಲವೋ ಎಂಬುದು ತಿಳಿಯುವ ಮೊದಲೇ ಮತ್ತೆ ಮೂಡಿರುತ್ತಾನೆ. ಅಕ್ಟೋಬರಿನಲ್ಲಿ ಬೀಳತೊಡಗುವ ಹಿಮವು ಕಾಡಿನೊಳಗೆ ಮೇ ತಿಂಗಳವರೆಗೂ ಉಳಿಯುವುದುಂಟು. ಹಿಮಸಾರಂಗಗಳನ್ನು ಸಾಕಿ, ಸರೋವರಗಳಲ್ಲಿ ಮೀನು ಹಿಡಿದು, ಕಾಡಿನ ಮರ ಕಡಿದು ಬಾಳುವೆ ನಡೆಸಿದ ಜನರ ನಾಡು ಅದು.

ಈ ನಾಡಿಗೆ ಒಂದು ವೈಶಿಷ್ಟ್ಯವಿದೆ. ಕೂಸಾಮೋ ನೆಲವು ಎರಡು ಸಮುದ್ರಗಳ ನಡುವಣ ಹೊಸ್ತಿಲು. ಅದರ ಪಶ್ಚಿಮಕ್ಕೆ ಬಿದ್ದ ಮಳೆಹನಿ ಫಿನ್ಲೆಂಡಿನ ಉದ್ದಗಲಗಳನ್ನು ದಾಟಿ ಬಾಲ್ಟಿಕ್ ಸಮುದ್ರದ ಬೋಥ್ನಿಯಾ ಕೊಲ್ಲಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದ ಹನಿ ರಷ್ಯದ ನೆಲವನ್ನು ಹಾಯ್ದು ಶ್ವೇತ ಸಮುದ್ರವನ್ನು ಮುಟ್ಟುತ್ತದೆ. ಎರಡರ ನಡುವೆ ದೊಡ್ಡ ಪರ್ವತಶ್ರೇಣಿಯೇನೂ ಇಲ್ಲ. ಜೌಗುನೆಲ, ಕಿರುಗುಡ್ಡ, ಮರಳಿನ ದಿಣ್ಣೆ — ಇವುಗಳೇ ಹನಿಯ ಹಣೆಬರಹವನ್ನು ನಿಶ್ಚಯಿಸುತ್ತವೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಮಹಾ ನೀರ್ಗಲ್ಲು ಕರಗಿ ಹಿಂದೆ ಸರಿದಾಗ, ಅದು ಕೊರೆದುಹೋದ ತಗ್ಗುಗಳು ಸರೋವರಗಳಾದವು. ಕರಗಿದ ನೀರು ಹೊತ್ತು ತಂದ ಮರಳು ದಿಣ್ಣೆಗಳಾಯಿತು. ಇಂದಿನ ನದಿಗಳೆಲ್ಲ ಆ ಹಳೆಯ ಗಾಯಗಳಲ್ಲಿ ದಾರಿ ಹುಡುಕಿಕೊಂಡಂಥವು.

ಆ ಸರೋವರಗಳಲ್ಲಿ ಅವಳಿಗಳಂತೆ ಎರಡಿವೆ: ಮೇಲಣ ಕಿತ್ಕಾ ಮತ್ತು ಕೆಳಗಣ ಕಿತ್ಕಾ. ಎರಡೂ ಸೇರಿ ಮುನ್ನೂರು ಚದರ ಕಿಲೋಮೀಟರಿಗೆ ಸಮೀಪದ ಜಲರಾಶಿ. ಸಮುದ್ರಮಟ್ಟದಿಂದ ಸುಮಾರು ೨೪೦ ಮೀಟರು ಎತ್ತರದಲ್ಲಿರುವ ಈ ಸರೋವರಗಳ ನೀರು ತಿಳಿಯಾಗಿರುವುದಕ್ಕೆ ಹೆಸರಾದುದು. ದೋಣಿಯಲ್ಲಿ ಕುಳಿತು ಬಗ್ಗಿ ನೋಡಿದರೆ ಹಲವು ಆಳುದ್ದದ ಆಳದಲ್ಲಿರುವ ಕಲ್ಲುಗಳು ಕೈಗೆಟಕುವಂತೆ ಕಾಣುತ್ತವೆ. ಕೆಳಗಣ ಕಿತ್ಕಾ ಸರೋವರದ ಪೂರ್ವದ ಅಂಚಿನಿಂದ ಹೊರಬೀಳುವ ನೀರೇ ಕಿತ್ಕಾ ನದಿ. ಅದರ ಮುಖ ಪೂರ್ವಕ್ಕೆ. ಅದರ ಗುರಿ ಶ್ವೇತ ಸಮುದ್ರ.

ಸರೋವರದಲ್ಲಿ ಒಂದು ಜಾತಿಯ ಪುಟ್ಟ ಬೆಳ್ಳಿಮೀನು ವಾಸಿಸುತ್ತದೆ. ಫಿನ್ ಭಾಷೆಯಲ್ಲಿ ಅದಕ್ಕೆ ಮುಯಿಕ್ಕು ಎಂದು ಹೆಸರು. ಕಿತ್ಕಾದಲ್ಲಿ ಬೆಳೆಯುವ ಮುಯಿಕ್ಕು ಬೇರೆಡೆಯದಕ್ಕಿಂತ ಚಿಕ್ಕದು. ಅದರ ಮುಳ್ಳುಗಳು ಎಷ್ಟು ಮೆತ್ತಗೆಂದರೆ ಇಡಿಯ ಮೀನನ್ನೇ ಹುರಿದು ತಿನ್ನುತ್ತಾರೆ. ಅಲ್ಲಿಯ ಜನ ಅದನ್ನು ‘ಕಿತ್ಕಾದ ಜಾಣ’ ಎಂದು ಕರೆಯುತ್ತಾರೆ. ಏಕೆ ಜಾಣ? ನದಿಯ ಸೆಳೆತಕ್ಕೆ ಸಿಕ್ಕಿ ರಷ್ಯಕ್ಕೆ ಕೊಚ್ಚಿಕೊಂಡು ಹೋಗದೆ ಮನೆಯಲ್ಲೇ ಉಳಿಯುವ ಬುದ್ಧಿ ಅದಕ್ಕಿದೆಯಂತೆ! ಐರೋಪ್ಯ ಒಕ್ಕೂಟವು ಈ ಹೆಸರಿಗೆ ಕಾನೂನಿನ ರಕ್ಷಣೆಯನ್ನೇ ನೀಡಿದೆ. ಬೇರೆ ನೀರಿನ ಮೀನನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹಾಸ್ಯದ ಮಾತಾದರೂ ಅದರೊಳಗೆ ಗಡಿನಾಡಿನ ಜನರ ಅನುಭವ ಅಡಗಿದೆ. ಅದಕ್ಕೆ ಮುಂದೆ ಬರೋಣ.

ಇಳಿಯುವ ನೀರು

ಸರೋವರದಿಂದ ಹೊರಟ ನದಿ ಮೊದಮೊದಲು ಅವಸರಪಡುವುದಿಲ್ಲ. ಕ್ಯಾಯುಲಾ ಎಂಬ ಹಳ್ಳಿಯನ್ನು ಬಳಸಿಕೊಂಡು, ಅಲ್ಲಲ್ಲಿ ಅಗಲವಾಗಿ, ಅಲ್ಲಲ್ಲಿ ಇಕ್ಕಟ್ಟಾಗಿ, ಪೈನ್ ಕಾಡುಗಳ ನಡುವೆ ಸಾಗುತ್ತದೆ. ಯೂಮಾ ಎಂಬ ಹಳ್ಳಿಯ ಸಮೀಪಕ್ಕೆ ಬಂದಾಗ ಅದರ ಸ್ವಭಾವ ಬದಲಾಗುತ್ತದೆ. ಸರೋವರದ ಮಟ್ಟದಿಂದ ಸಂಗಮದ ಮಟ್ಟಕ್ಕೆ ನದಿಯು ಒಟ್ಟು ನೂರು ಮೀಟರುಗಳಷ್ಟು ಇಳಿಯಬೇಕು. ಆ ಇಳಿತದಲ್ಲಿ ಬಹುಪಾಲು ಕೆಲವೇ ಕಿಲೋಮೀಟರುಗಳಲ್ಲಿ ಸಂಭವಿಸುವುದರಿಂದ ನೀರಿಗೆ ಸಮಾಧಾನವೆಂಬುದು ಉಳಿಯುವುದಿಲ್ಲ.

ಮೊದಲು ಬರುವುದು ‘ಮುಲ್ಲಿಕೋಸ್ಕಿ’, ಎಂದರೆ ಗಿರಣಿಯ ಇಳಿಜಾರು. ಹಿಂದೆ ಹಳ್ಳಿಯವರು ನೀರಿನ ರಭಸದಿಂದ ತಿರುಗುವ ಬೀಸುಗಲ್ಲುಗಳನ್ನು ಇಲ್ಲಿ ಹೂಡಿ ಬಾರ್ಲಿಯನ್ನು ಹಿಟ್ಟು ಮಾಡಿಕೊಳ್ಳುತ್ತಿದ್ದರು. ಮರದ ದಿಮ್ಮಿಗಳಿಂದ ಕಟ್ಟಿದ ಆ ಗಿರಣಿಯ ಮನೆ ಇಂದಿಗೂ ನೊರೆಯ ಅಂಚಿನಲ್ಲಿ ನಿಂತಿದೆ; ಈಗ ಅದು ಕಾಲ್ನಡಿಗೆಯ ಯಾತ್ರಿಕರು ದಣಿವಾರಿಸಿಕೊಳ್ಳುವ ತಾಣ. ಅದರಾಚೆ ‘ಆಲ್ಲೊಕ್ಕೊಕೋಸ್ಕಿ’, ಅಲೆಗಳ ಇಳಿಜಾರು. ಸುಮಾರು ೯೦೦ ಮೀಟರುಗಳ ಉದ್ದಕ್ಕೂ ನದಿಯ ಮೈಯೆಲ್ಲ ಬಿಳಿಯ ಅಲೆ. ಅದು ಮುಗಿಯಿತೆನ್ನುವಷ್ಟರಲ್ಲಿ ನೆಲ ಥಟ್ಟನೆ ಕಡಿದುಹೋಗುತ್ತದೆ. ಅಲ್ಲಿ ನದಿಯು ೯ ಮೀಟರು ಎತ್ತರದಿಂದ ಒಂದೇ ಉಸಿರಿಗೆ ಕೆಳಕ್ಕೆ ಧುಮುಕುತ್ತದೆ. ಈ ಜಲಪಾತದ ಹೆಸರು ಯೂರವಾ.

ಒಂಬತ್ತು ಮೀಟರೆಂದರೆ ಎರಡು ಅಂತಸ್ತಿನ ಮನೆಯ ಎತ್ತರಕ್ಕಿಂತ ಹೆಚ್ಚೇನೂ ಅಲ್ಲ. ಜಗತ್ಪ್ರಸಿದ್ಧ ಜಲಪಾತಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಒಂದಿಡೀ ನದಿಯ ನೀರು ಇಕ್ಕಟ್ಟಾದ ಕಲ್ಲಿನ ಬಾಯಲ್ಲಿ ಕೂಡಿ ಬೀಳುವಾಗಿನ ಮೊರೆತ ಕಾಡಿನಲ್ಲಿ ಬಹುದೂರದವರೆಗೆ ಕೇಳಿಬರುತ್ತದೆ. ಜಲಪಾತದ ಕೆಳಗೆ ನದಿ ಆಳವಾದ ಕಮರಿಯನ್ನು ಹೊಗುತ್ತದೆ. ಇಬ್ಬದಿಗಳಲ್ಲಿಯೂ ಕಡಿದಾದ ಬಂಡೆಗೋಡೆ. ಗೋಡೆಯ ಮೇಲೆ ಕಾಡು. ಹೀಗೆ ಬಳಸಿ ಬಳಸಿ ಹರಿದು, ರಷ್ಯದ ಗಡಿಗೆ ಕೂಗಳತೆಯಷ್ಟಿರುವಾಗ, ಕಿತ್ಕಾ ತನಗಿಂತ ದೊಡ್ಡದಾದ ಔಲಂಕಾ ನದಿಯನ್ನು ಸೇರಿ ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ.

ಕಾಡಿನ ಒಡಲು

ಉತ್ತರದ ಕಾಡುಗಳೆಂದರೆ ಏಕರೂಪದವು, ಬಡವಾದವು ಎಂಬ ಭಾವನೆ ಸಾಮಾನ್ಯ. ಬಹುಮಟ್ಟಿಗೆ ಅದು ನಿಜವೂ ಹೌದು. ಹುಳಿಮಣ್ಣು, ಮೇಲೆ ಪಾಚಿ ಮತ್ತು ಕಲ್ಲುಹೂವು, ಅದರ ಮೇಲೆ ಪೈನ್ — ನೂರಾರು ಮೈಲಿಗಳವರೆಗೆ ಇದೇ ಚಿತ್ರ. ಕಿತ್ಕಾ, ಔಲಂಕಾ ಕಣಿವೆಗಳು ಇದಕ್ಕೆ ಅಪವಾದ. ಇಲ್ಲಿಯ ಬಂಡೆಗಳಲ್ಲಿ ಡಾಲಮೈಟ್ ಎಂಬ ಸುಣ್ಣದಂಶದ ಕಲ್ಲು ಇದೆ. ಸುಮಾರು ಇನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಈ ಕಲ್ಲು ಮಳೆಗೂ ಹಿಮಕ್ಕೂ ಅಣುಅಣುವಾಗಿ ಸವೆದು ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಆದ್ದರಿಂದ ಬೇರೆಡೆ ಬದುಕಲಾರದ ಸಸ್ಯಗಳು ಇಲ್ಲಿ ನೆಲೆ ಕಂಡುಕೊಂಡಿವೆ.

ಅವುಗಳಲ್ಲಿ ಪ್ರಸಿದ್ಧವಾದುದು ಕ್ಯಾಲಿಪ್ಸೋ ಎಂಬ ಸೀತಾಳೆಯ ಜಾತಿಯ ಹೂವು. ಫಿನ್ ಜನ ಅದನ್ನು ‘ಕನ್ನೆಯ ಪಾದುಕೆ’ ಎನ್ನುತ್ತಾರೆ. ಗೇಣುದ್ದದ ಕಾಂಡ, ಅದಕ್ಕೆ ಒಂದೇ ಒಂದು ಎಲೆ, ಒಂದೇ ಒಂದು ಗುಲಾಬಿ ಬಣ್ಣದ ಹೂ. ಹಿಮ ಕರಗಿದ ಕೂಡಲೇ, ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ, ಸ್ಪ್ರೂಸ್ ಮರಗಳ ನೆರಳಲ್ಲಿ ಅದು ಅರಳುತ್ತದೆ. ಹೂವಿನಲ್ಲಿ ಮಕರಂದವಿಲ್ಲ. ಆಗತಾನೆ ಚಳಿಗಾಲದ ನಿದ್ದೆಯಿಂದೆದ್ದು ಹಸಿದಿರುವ ದುಂಬಿಯ ರಾಣಿ, ಬಣ್ಣಕ್ಕೂ ಕಂಪಿಗೂ ಮರುಳಾಗಿ ಒಳಹೊಕ್ಕು, ಏನೂ ಸಿಗದೆ, ಪರಾಗವನ್ನು ಮಾತ್ರ ಬೆನ್ನಿಗಂಟಿಸಿಕೊಂಡು ಹೊರಬರುತ್ತದೆ. ಮತ್ತೊಂದು ಹೂವಿನಲ್ಲಿಯೂ ಮೋಸಹೋಗುತ್ತದೆ. ಅದರ ಎರಡು ಸಲದ ಬೆಪ್ಪುತನದಿಂದ ಹೂವಿನ ಸಂತಾನ ಬೆಳೆಯುತ್ತದೆ. ೧೯೫೬ರಲ್ಲಿ ಸ್ಥಾಪಿತವಾದ ಔಲಂಕಾ ರಾಷ್ಟ್ರೀಯ ಉದ್ಯಾನಕ್ಕೆ ಈ ಹೂವೇ ಲಾಂಛನ.

ಚಳಿಗಾಲದಲ್ಲಿ ಸರೋವರಗಳೆಲ್ಲ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಉಷ್ಣಮಾನವು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕೆ ಇಳಿಯುವ ರಾತ್ರಿಗಳಲ್ಲಿ ಕಾಡು ಸದ್ದಡಗಿ ನಿಂತಿರುತ್ತದೆ. ಆಗಲೂ ಕಿತ್ಕಾದ ರಭಸದ ಇಳಿಜಾರುಗಳು ಮಾತ್ರ ಹೆಪ್ಪುಗಟ್ಟುವುದಿಲ್ಲ. ಬಿಳಿಯ ದಂಡೆಗಳ ನಡುವೆ ಕರಿಯ ನೀರು ಆವಿಯಾಡುತ್ತ ಓಡುತ್ತಿರುತ್ತದೆ. ಡಿಪ್ಪರ್ ಎಂಬ ಎದೆ ಬೆಳ್ಳಗಿನ ಪುಟ್ಟ ಹಕ್ಕಿಗೆ ಅದುವೇ ಅನ್ನಸತ್ರ. ನೀರ್ಗಲ್ಲಿನ ಅಂಚಿನಿಂದ ಕೊರೆಯುವ ನೀರಿಗೆ ಮುಳುಗು ಹಾಕಿ, ತಳದ ಕಲ್ಲುಗಳ ನಡುವೆ ನಡೆದಾಡಿ, ಹುಳುಗಳನ್ನು ಹೆಕ್ಕಿಕೊಂಡು ಅದು ಮೇಲೇಳುತ್ತದೆ. ಕಲ್ಲಿನ ಮೇಲೆ ಕುಳಿತು, ಮೂಳೆ ನಡುಗಿಸುವ ಆ ಚಳಿಯಲ್ಲಿ, ಹಾಡುತ್ತದೆ ಕೂಡ.

ಮೊದಲನೆಯ ಗೆರೆ

ಇನ್ನು ಆ ಮೂರು ಗೆರೆಗಳ ವಿಚಾರ.

ಮೊದಲನೆಯ ಗೆರೆ ಯೂರವಾ ಜಲಪಾತವೇ. ಅದನ್ನು ತಿಳಿಯಬೇಕಾದರೆ ಈ ನದಿಯ ಟ್ರೌಟ್ ಮೀನಿನ ಬಾಳನ್ನು ತಿಳಿಯಬೇಕು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಭೂರ್ಜದ ಎಲೆಗಳು ಹಳದಿಯಾಗಿ ಉದುರುವ ಕಾಲದಲ್ಲಿ, ತಾಯಿಮೀನು ನದಿಯ ತಳದ ಜಲ್ಲಿಯಲ್ಲಿ ಬಾಲದಿಂದ ಗುಣಿ ತೋಡಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಚಳಿಗಾಲವನ್ನೆಲ್ಲ ಜಲ್ಲಿಯೊಳಗೆ ಕಳೆದು ವಸಂತದಲ್ಲಿ ಒಡೆಯುತ್ತವೆ. ಮರಿಗಳು ಕೆಲವು ವರ್ಷ ಹುಟ್ಟಿದ ನೀರಿನಲ್ಲಿಯೇ ಬೆಳೆದು ಗೇಣುದ್ದವಾದಾಗ ಅವುಗಳಿಗೆ ದೂರದ ಸೆಳೆತ ಉಂಟಾಗುತ್ತದೆ. ಕಿತ್ಕಾದಿಂದ ಔಲಂಕಾಕ್ಕೆ, ಔಲಂಕಾದಿಂದ ಗಡಿಯಾಚೆಯ ಪಾನಯಾರ್ವಿ ಸರೋವರಕ್ಕೆ, ಅಲ್ಲಿಂದ ಮತ್ತೆ ನದಿಯಾಗಿ ಕಿವಕ್ಕಾ ಎಂಬ ಮೆಟ್ಟಿಲುಮೆಟ್ಟಿಲಾದ ಇಳಿಜಾರನ್ನು ದಾಟಿ, ಕೊನೆಗೆ ಪ್ಯಾಓಜೆರೊ ಎಂಬ ಮಹಾಸರೋವರಕ್ಕೆ ಅವು ಇಳಿದುಹೋಗುತ್ತವೆ. ಅಲ್ಲಿ ಮುಯಿಕ್ಕು ಮೀನುಗಳನ್ನು ತಿಂದು ತೋಳುದ್ದಕ್ಕೆ, ಹಲವು ಕಿಲೋಗ್ರಾಂ ತೂಕಕ್ಕೆ ಬೆಳೆದು, ಒಂದು ಬೇಸಿಗೆಯಲ್ಲಿ ಹಿಂದಿರುಗಿ ಹೊರಡುತ್ತವೆ. ಇಳಿದ ಹಾದಿಯನ್ನೆಲ್ಲ ಏರಿ, ಹುಟ್ಟಿದ ಜಲ್ಲಿಯನ್ನೇ ಹುಡುಕಿಕೊಂಡು ಬರುತ್ತವೆ. ಕಿವಕ್ಕಾದ ನೊರೆಯನ್ನೂ ಹಾರಿ ದಾಟುವ ಈ ಸಾಹಸಿಗಳು ಯೂರವಾದ ಬುಡಕ್ಕೆ ಬಂದು ನಿಲ್ಲುತ್ತವೆ. ಒಂಬತ್ತು ಮೀಟರಿನ ನೇರ ನೀರುಗೋಡೆಯನ್ನು ಏರಬಲ್ಲ ಮೀನಿಲ್ಲ.

ಜಲಪಾತದ ಮೇಲಣ ನೀರಿನಲ್ಲಿಯೂ ಟ್ರೌಟ್ ಉಂಟು. ಆದರೆ ಆ ಕುಲವೇ ಬೇರೆ. ಒಂದೇ ನದಿ, ಒಂದೇ ನೀರು. ನಡುವೆ ಕಲ್ಲಿನ ಒಂದು ಹೊಸ್ತಿಲು. ಅದರ ಮೇಲೆ ಒಂದು ವಂಶ, ಕೆಳಗೆ ಒಂದು ವಂಶ. ಪ್ರಕೃತಿ ಎಳೆದ ಗೆರೆಗೆ ಮೀನುಗಳು ಸಾವಿರಾರು ವರ್ಷಗಳಿಂದ ಹೊಂದಿಕೊಂಡು ಬಂದಿವೆ. ಯಾರಿಗೂ ಅನ್ಯಾಯವಾದಂತಿಲ್ಲ.

ಎರಡನೆಯ ಗೆರೆ

ಎರಡನೆಯ ಗೆರೆಯನ್ನು ಎಳೆದವರು ಮನುಷ್ಯರು.

ಔಲಂಕಾ ನದಿ ಹೋಗಿ ಬೀಳುವ ಪಾನಯಾರ್ವಿ ಸರೋವರವು ಭೂಮಿಯ ಬಿರುಕೊಂದರಲ್ಲಿ ನೀರು ತುಂಬಿ ಆದುದು. ಉದ್ದ ೨೪ ಕಿಲೋಮೀಟರು. ಅಗಲ ಒಂದೂವರೆ ಕಿಲೋಮೀಟರನ್ನು ಮೀರದು. ಆಳ ಮಾತ್ರ ೧೨೮ ಮೀಟರು. ಸುತ್ತಲೂ ಬೆಟ್ಟಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿನ್ ಕಲಾವಿದರು ತಮ್ಮ ನಾಡಿನ ಆತ್ಮವನ್ನು ಅರಸುತ್ತ ಈ ದೂರದ ಕಾಡಿಗೆ ಬಂದರು. ೧೮೯೨ರಲ್ಲಿ ಛಾಯಾಚಿತ್ರಕಾರ ಇನ್ಹಾ ಇಲ್ಲಿಗೆ ಬಂದನು. ಅದೇ ವರ್ಷ ಬಂದ ಚಿತ್ರಕಾರ ಅಕ್ಸೆಲಿ ಗಾಲೆನ್-ಕಾಲೆಲಾ, ಒಣಗಿದ ಪೈನ್ ಮರದ ಮೇಲೆ ಕುಳಿತ ಕೆಂಪುತಲೆಯ ಕರಿ ಮರಕುಟಿಗವನ್ನೂ ಕೆಳಗೆ ಹರಡಿದ ಕಣಿವೆಯನ್ನೂ ಚಿತ್ರಿಸಿದನು. ಪಾನಯಾರ್ವಿಗೆ ಬೀಳುವ ಒಂದು ತೊರೆಯ ಜಲಪಾತವನ್ನು ಚಿತ್ರಿಸಿ, ಅದರ ಮೇಲೆ ವೀಣೆಯ ತಂತಿಗಳಂತೆ ಐದು ಚಿನ್ನದ ಗೆರೆಗಳನ್ನು ಎಳೆದನು. ಫಿನ್ನರ ಪ್ರಾಚೀನ ವಾದ್ಯವಾದ ಕಾಂತೆಲೆಗೆ ಐದು ತಂತಿಗಳು. ನೀರು ಹಾಡುತ್ತದೆ ಎಂಬುದನ್ನು ಬಣ್ಣದಲ್ಲಿ ಹೇಳುವ ಬಗೆ ಅದು. ರಷ್ಯದ ಚಕ್ರವರ್ತಿಯ ಆಳ್ವಿಕೆಗೊಳಪಟ್ಟಿದ್ದ ಫಿನ್ ಜನತೆಗೆ ಆ ಚಿತ್ರಗಳು ‘ಇದು ನಮ್ಮ ನಾಡು’ ಎಂದು ಹೇಳಿಕೊಳ್ಳುವ ದಾರಿಯೂ ಆದವು. ೧೯೧೭ರಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ಪಾನಯಾರ್ವಿಯ ದಂಡೆಯಲ್ಲಿ ಫಿನ್ನರ ಹಳ್ಳಿಯೊಂದು ಹಸು, ಹೊಲ, ದೋಣಿಗಳೊಡನೆ ಬಾಳುತ್ತಿತ್ತು.

೧೯೩೯ರ ನವೆಂಬರ್ ೩೦ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ದಂಡೆತ್ತಿತು. ಗಡಿಯ ಹಳ್ಳಿಗರು ಮನೆಗಳನ್ನು ಬಿಟ್ಟು ಹೊರಡಬೇಕಾಯಿತು. ೧೯೪೦ರ ಮಾರ್ಚ್ ತಿಂಗಳಲ್ಲಿ ಮಾಸ್ಕೋ ನಗರದಲ್ಲಿ ಆದ ಸಂಧಿಯಂತೆ ಕೂಸಾಮೋ ಪ್ರಾಂತದ ಪೂರ್ವಭಾಗ, ಪಾನಯಾರ್ವಿ ಸಹಿತ, ಸೋವಿಯತ್ ಒಕ್ಕೂಟದ ಪಾಲಾಯಿತು. ಮರುವರ್ಷ ಮತ್ತೆ ಯುದ್ಧ. ಕೆಲವರು ಹಿಂದಿರುಗಿ ಮನೆಗಳನ್ನು ಸರಿಪಡಿಸಿಕೊಂಡರು. ೧೯೪೪ರಲ್ಲಿ ಮತ್ತೊಂದು ಸೋಲು. ಈ ಸಲ ಹೊರಟವರು ಮರಳಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೇನೆ ಕೂಸಾಮೋ ಊರಿಗೆ ಬೆಂಕಿಯಿಟ್ಟಿತು, ಇಗರ್ಜಿಯೂ ಉರಿದುಹೋಯಿತು. ಗೆರೆ ನಿಂತದ್ದು ಕಿತ್ಕಾ-ಔಲಂಕಾ ಸಂಗಮದಿಂದ ಸ್ವಲ್ಪವೇ ಕೆಳಗೆ. ಕಾಡನ್ನು ನೇರವಾಗಿ ಕಡಿದು ಮಾಡಿದ ಓಣಿ, ಬಣ್ಣ ಬಳಿದ ಗಡಿಗಂಬಗಳು, ಕಾವಲು. ನದಿ ಹರಿದುಹೋದ ಕಡೆಗೆ ಅದರ ದಂಡೆಯ ಜನ ಹೋಗುವಂತಿರಲಿಲ್ಲ. ರಷ್ಯಕ್ಕೆ ಕೊಚ್ಚಿಹೋಗದ ಮೀನನ್ನು ಜಾಣನೆನ್ನುವ ಆ ಹಾಸ್ಯವನ್ನು ಇನ್ನೊಮ್ಮೆ ನೆನೆದರೆ ಅದರ ರುಚಿ ಬೇರೆಯಾಗುತ್ತದೆ.

ಟ್ರೌಟ್ ಮೀನುಗಳಾದರೋ ಸಂಧಿಪತ್ರವನ್ನು ಓದಲಿಲ್ಲ. ಮರಿಗಳು ಎಂದಿನಂತೆ ಪೂರ್ವಕ್ಕೆ ಇಳಿದವು. ಬೆಳೆದವು ಎಂದಿನಂತೆ ಪಶ್ಚಿಮಕ್ಕೆ ಏರಿದವು.

ಮೂರನೆಯ ಗೆರೆ

ಯುದ್ಧ ಮುಗಿದ ಮೇಲೆ ಫಿನ್ಲೆಂಡಿನ ಸ್ಥಿತಿ ಕರುಣಾಜನಕವಾಗಿತ್ತು. ಬಿಟ್ಟುಕೊಟ್ಟ ಪ್ರದೇಶಗಳಿಂದ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚಿನ ನಿರಾಶ್ರಿತರಿಗೆ ಮನೆ, ಹೊಲಗಳನ್ನು ಒದಗಿಸಬೇಕಾಗಿತ್ತು. ಸೋವಿಯತ್ ಒಕ್ಕೂಟಕ್ಕೆ ೩೦ ಕೋಟಿ ಡಾಲರುಗಳ ಯುದ್ಧಪರಿಹಾರವನ್ನು ಹಡಗು, ಯಂತ್ರಗಳ ರೂಪದಲ್ಲಿ ತೆರಬೇಕಾಗಿತ್ತು; ಆ ಋಣ ತೀರಿದ್ದು ೧೯೫೨ರಲ್ಲಿ. ಕಾರ್ಖಾನೆಗಳು ನಡೆಯಬೇಕಾದರೆ ವಿದ್ಯುಚ್ಛಕ್ತಿ ಬೇಕು. ಆದರೆ ದೇಶದ ಜಲವಿದ್ಯುತ್ತಿನ ದೊಡ್ಡ ಪಾಲು ಕಳೆದುಹೋದ ಕರೇಲಿಯದೊಂದಿಗೆ ಹೊರಟುಹೋಗಿತ್ತು. ಉಳಿದ ದಾರಿ ಒಂದೇ: ಉತ್ತರದ ನದಿಗಳನ್ನು ಕಟ್ಟುವುದು. ಹಾಗೆ ಔಲು ನದಿಗೂ ಕೆಮಿ ನದಿಗೂ ಸಾಲುಸಾಲಾಗಿ ಅಣೆಕಟ್ಟುಗಳು ಬಂದವು. ಕೆಮಿ ನದಿಯ ಮುಖದ ಬಳಿ ೧೯೪೦ರ ದಶಕದ ಕೊನೆಯಲ್ಲಿ ಎದ್ದ ಇಸೊಹಾರಾ ಅಣೆಕಟ್ಟು ಸಮುದ್ರದಿಂದ ಏರಿಬರುತ್ತಿದ್ದ ಸಾಲ್ಮನ್ ಮೀನುಗಳ ದಾರಿಯನ್ನು ಮುಚ್ಚಿಬಿಟ್ಟಿತು. ತಲೆತಲಾಂತರದಿಂದ ಸಾಲ್ಮನ್ ಹಿಡಿದು ಬಾಳಿದ ಕುಟುಂಬಗಳ ಬಲೆಗಳು ಗೋಡೆಯ ಗೂಟಕ್ಕೇರಿದವು.

೧೯೫೦ರ ದಶಕದಲ್ಲಿ ಇಂಜಿನಿಯರುಗಳ ದೃಷ್ಟಿ ಕಿತ್ಕಾದ ಮೇಲೆ ಬಿದ್ದುದು ಸಹಜವೇ. ಮೇಲೆ ವಿಶಾಲವಾದ ಸರೋವರ, ಕೆಳಗೆ ಕಡಿದಾದ ಇಳಿಜಾರು — ವಿದ್ಯುತ್ತಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಯೋಜನೆಯ ಪರವಾಗಿ ನಿಂತವರನ್ನು ದುರಾಸೆಯವರೆಂದು ಹಳಿಯುವುದು ನ್ಯಾಯವಲ್ಲ. ಸುಟ್ಟುಹೋದ ಊರನ್ನು ಮತ್ತೆ ಕಟ್ಟುತ್ತಿದ್ದ ಬಡ ಜನರಿಗೆ ಕೆಲಸ ಬೇಕಾಗಿತ್ತು. ಮನೆಗೆ ದೀಪ ಬೇಕಾಗಿತ್ತು. ಚಳಿಗಾಲದ ಇಪ್ಪತ್ತೊಂದು ಗಂಟೆಯ ಕತ್ತಲೆಯಲ್ಲಿ ಒಂದು ವಿದ್ಯುದ್ದೀಪದ ಬೆಲೆ ಎಷ್ಟೆಂಬುದನ್ನು ಬಿಸಿಲುನಾಡಿನವರು ಊಹಿಸುವುದೂ ಕಷ್ಟ.

ಇದಿರು ನಿಂತವರಲ್ಲಿ ಮುಖ್ಯನಾದವನು ರೈನೊ ರಿನ್ನೆ. ಪತ್ರಿಕೋದ್ಯಮಿ, ಸಾಹಿತಿ. ಕೂಸಾಮೋ ಊರಿನ ‘ಕೊಯಿಲ್ಲಿಸಾನೊಮತ್’ ಎಂಬ ಪತ್ರಿಕೆಯ ಸಂಪಾದಕ. ಜಲಪಾತಗಳನ್ನು ಕಟ್ಟಿಹಾಕಬಾರದೆಂದು ಆತ ತನ್ನ ಪತ್ರಿಕೆಯಲ್ಲಿ ಬಿಡದೆ ವಾದಿಸಿದನು. ಊರಿನಲ್ಲಿ ಒಮ್ಮತವಿರಲಿಲ್ಲ. ಆ ಜಗಳಕ್ಕೆ ‘ಜಲಪಾತಗಳ ಯುದ್ಧ’ ಎಂಬ ಹೆಸರೇ ಬಿದ್ದಿತು. ನಿಜವಾದ ಯುದ್ಧವನ್ನು ಆಗತಾನೆ ಕಂಡಿದ್ದ ಜನ ಈ ಮಾತನ್ನು ಸುಮ್ಮನೆ ಆಡಿರಲಾರರು.

ಟ್ರೌಟ್ ಮೀನು ಹೇಗೂ ಯೂರವಾವನ್ನು ಏರಲಾರದು. ಅಲ್ಲಿ ನೀರನ್ನು ತಡೆದರೆ ಅದಕ್ಕೇನು ನಷ್ಟ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದುದೆ. ಉತ್ತರ ಜಲ್ಲಿಯಲ್ಲಿದೆ. ಜಲಪಾತದ ಕೆಳಗೆ, ನದಿಯ ತಳದ ಜಲ್ಲಿಯೊಳಗೆ, ಆರು ತಿಂಗಳ ಕಾಲ ಮೊಟ್ಟೆಗಳು ಉಸಿರಾಡುವುದು ಎಡೆಬಿಡದೆ ಹರಿಯುವ ನೀರಿನಿಂದ. ವಿದ್ಯುದಾಗಾರದ ಕೆಳಗಣ ನದಿಯಲ್ಲಿ ನೀರು ಋತುಗಳ ಲೆಕ್ಕದಲ್ಲಿ ಹರಿಯುವುದಿಲ್ಲ. ಪಟ್ಟಣದ ಬೇಡಿಕೆಯ ಲೆಕ್ಕದಲ್ಲಿ ಏರಿಳಿಯುತ್ತದೆ. ಇಂದು ಮುಳುಗಿದ ಜಲ್ಲಿ ನಾಳೆ ಬರಿದಾಗಿ, ಚಳಿಗೆ ಹೆಪ್ಪುಗಟ್ಟಬಹುದು. ಡಿಪ್ಪರ್ ಹಕ್ಕಿಯ ತೆರೆದ ನೀರೂ ಅಷ್ಟೆ. ಬೀಳುವ ನೀರನ್ನು ತಡೆಯುವುದೆಂದರೆ ಬೀಳುವ ಜಾಗವನ್ನು ಮಾತ್ರ ತಡೆದಂತಲ್ಲ. ಅದರ ಕೆಳಗಿನ ಬಾಳನ್ನೆಲ್ಲ ತಡೆದಂತೆ.

ಅಣೆಕಟ್ಟು ಏಳಲಿಲ್ಲ. ಔಲಂಕಾ ಕಣಿವೆ ೧೯೫೬ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಮುಂದೆ ೧೯೮೦ರ ದಶಕದಲ್ಲಿ ಮತ್ತಷ್ಟು ವಿಸ್ತಾರಗೊಂಡಿತು. ಇಂದು ಅದರ ವಿಸ್ತೀರ್ಣ ಸುಮಾರು ೨೭೦ ಚದರ ಕಿಲೋಮೀಟರು. ಉಳಿದ ಜಲಪಾತಗಳನ್ನು ಹೊಸ ವಿದ್ಯುದಾಗಾರಗಳಿಂದ ರಕ್ಷಿಸುವ ಶಾಸನವನ್ನು ಫಿನ್ಲೆಂಡ್ ೧೯೮೭ರಲ್ಲಿ ಮಾಡಿತು. ಗೆಲುವನ್ನು ತನ್ನ ಕಣ್ಣಿಂದಲೇ ಕಂಡ ರಿನ್ನೆ ೨೦೦೨ರವರೆಗೆ ಬದುಕಿದ್ದನು.

ಕೆಳಗಣ ನೀರು

ಆದರೆ ನದಿ ಗಡಿಯಲ್ಲಿ ಮುಗಿಯುವುದಿಲ್ಲ. ಈ ಕಡೆ ಉಳಿದ ನೀರು ಆ ಕಡೆ ಏನಾಯಿತು?

ಪ್ಯಾಓಜೆರೊ ಸರೋವರದಿಂದ ಮುಂದೆ ಶ್ವೇತ ಸಮುದ್ರದವರೆಗಿನ ಹಾದಿಯಲ್ಲಿ ಸೋವಿಯತ್ ಸರ್ಕಾರ ೧೯೫೦-೬೦ರ ದಶಕಗಳಲ್ಲಿ ಮೂರು ವಿದ್ಯುದಾಗಾರಗಳನ್ನು ಕಟ್ಟಿತು. ಸರೋವರದ ಮಟ್ಟವೇ ಏರಿ ಅದು ಜಲಾಶಯದ ಭಾಗವಾಯಿತು. ಕಿತ್ಕಾದಿಂದ ಹೊರಟ ಹನಿ ಇಂದು ಆ ಮೂರು ಯಂತ್ರಾಗಾರಗಳನ್ನು ಹಾಯ್ದೇ ಕಡಲನ್ನು ಕಾಣಬೇಕು. ಆದರೆ ಪಾನಯಾರ್ವಿಯ ಸುತ್ತಲಿನ ಕಾಡು ಉಳಿಯಿತು. ಜನ ಬಿಟ್ಟುಹೋದ ಹಳ್ಳಿ, ಕಾವಲಿನವರಲ್ಲದೆ ಯಾರೂ ಸುಳಿಯದ ಗಡಿಪ್ರದೇಶ — ಕೊಡಲಿ ಅಲ್ಲಿಗೆ ತಲುಪಲಿಲ್ಲ. ೧೯೯೨ರಲ್ಲಿ ರಷ್ಯ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಆ ಕಾಡು, ಔಲಂಕಾ ಉದ್ಯಾನದೊಂದಿಗೆ ಸೇರಿ, ಗಡಿಯ ಎರಡೂ ಪಕ್ಕಗಳಲ್ಲಿ ಒಂದೇ ಅಖಂಡ ಅರಣ್ಯವಾಯಿತು. ಜನರನ್ನು ಒಕ್ಕಲೆಬ್ಬಿಸಿದ ಗೆರೆಯೇ ಕಾಡನ್ನು ಕಾಯ್ದಿತು. ಇತಿಹಾಸದ ಈ ವ್ಯಂಗ್ಯಕ್ಕೆ ಸಂತೋಷಪಡುವುದೋ ದುಃಖಪಡುವುದೋ ಹೇಳುವುದು ಕಷ್ಟ; ಪಾನಯಾರ್ವಿಯಲ್ಲಿ ಹುಟ್ಟಿ, ಬೇರೆಡೆ ಸತ್ತವರ ಮಕ್ಕಳಿಗಂತೂ ಇನ್ನೂ ಕಷ್ಟ.

ಕೆಲವು ವರ್ಷ ಎರಡು ಉದ್ಯಾನಗಳೂ ಕೈಜೋಡಿಸಿ ಕೆಲಸ ಮಾಡಿದವು. ಒಂದೇ ಮೀನು ಎರಡು ದೇಶಗಳಲ್ಲಿ ಬಾಳುವುದರಿಂದ ಅದನ್ನು ಅರಿಯಲು ಎರಡು ದೇಶಗಳ ವಿದ್ವಾಂಸರೂ ಬೇಕಷ್ಟೆ. ೨೦೨೨ರಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ಯುದ್ಧ ಹೂಡಿದ ಮೇಲೆ ಆ ಸ್ನೇಹ ಮುರಿದುಬಿದ್ದಿತು. ೨೦೨೩ರ ಕೊನೆಯಲ್ಲಿ ಫಿನ್ಲೆಂಡ್ ತನ್ನ ಪೂರ್ವದ ಗಡಿಯ ದಾರಿಗಳನ್ನು ಮುಚ್ಚಿತು. ಗೆರೆ ಮತ್ತೆ ದಪ್ಪನಾಯಿತು.

ಬೇಸಿಗೆಯಲ್ಲಿ ಯೂರವಾದ ಎದುರು ಇಂದಿಗೂ ಜನ ನೆರೆಯುತ್ತಾರೆ. ಬೆನ್ನಿಗೆ ಗಂಟು ಕಟ್ಟಿಕೊಂಡು, ‘ಕರಡಿಯ ಸುತ್ತು’ ಎಂದು ಹೆಸರಾದ ೮೨ ಕಿಲೋಮೀಟರುಗಳ ಕಾಡುದಾರಿಯನ್ನು ನಡೆಯುವವರು ತೂಗುಸೇತುವೆಗಳನ್ನು ದಾಟಿ ಬಂದು, ಒಂದು ಗಳಿಗೆ ಮಾತು ನಿಲ್ಲಿಸಿ, ಬೀಳುವ ನೀರನ್ನು ನೋಡುತ್ತಾರೆ. ಬುಡದ ಮಡುವಿನಲ್ಲಿ, ನೊರೆಯ ಕೆಳಗೆ, ಗಡಿಯನ್ನು ದಾಟಿ ಬಂದ ಟ್ರೌಟ್ ಮೀನು ಶರತ್ಕಾಲವನ್ನು ಕಾಯುತ್ತಿರುತ್ತದೆ. ಮೇಲೇರಲು ಅದಕ್ಕೆ ಆಗದು; ಬೇಕಾಗಿಯೂ ಇಲ್ಲ. ಹುಟ್ಟಿದ ಜಲ್ಲಿ ಅಲ್ಲಿಯೇ ಇದೆ. ಅದರ ಮೇಲೆ ನೀರು ಇನ್ನೂ ಹರಿಯುತ್ತಿದೆ.